ಕರ್ತನ ಅಪ್ಪಣೆ ಮತ್ತು ಮೆಹದಿಪಟ್ಟಣಂ ಬಸ್ಸು

ದೇವರನ್ನು ‘ಕರ್ತನೇ’ ಎಂದು ಕರೆಯುವುದರಲ್ಲಿ ಕಷ್ಟವೇನೂ ಇಲ್ಲ. ಕಷ್ಟ ಶುರುವಾಗುವುದು ಆತ ‘ಹೌದಾ? ಹಾಗಾದರೆ ಒಂದು ಕೆಲಸ ಮಾಡು’ ಎಂದಾಗ. ಉಡುಪಿಯ ನಮ್ಮ ಮನೆಯಲ್ಲಿ ಊಟಕ್ಕೆ ಮೊದಲು, ಪ್ರಯಾಣಕ್ಕೆ ಮೊದಲು, ಕುಕ್ಕರ್ ಸೀಟಿ ಹೊಡೆಯದಿದ್ದಾಗ ಕೂಡ ‘ಕರ್ತನೇ, ನಾವು ನಿನ್ನ ದಾಸರು’ ಎಂದೇ ಪ್ರಾರ್ಥನೆ. ಆದರೆ ಹೈದರಾಬಾದಿಗೆ ಸಾಫ್ಟ್‌ವೇರ್ ಕೆಲಸಕ್ಕೆ ಬಂದ ಮೇಲೆ ನಾನು ಯಾರ ದಾಸ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಭಾನುವಾರ ಆಫೀಸಿಗೆ ಬರ್ತೀಯಾ ಎಂದು ಮ್ಯಾನೇಜರ್ ಕೇಳಿ ಮುಗಿಸುವ ಮೊದಲೇ ನನ್ನ ತಲೆ ಅಲ್ಲಾಡಿರುತ್ತಿತ್ತು. ನಿಜ ಹೇಳಬೇಕೆಂದರೆ ಅದು ವಿಧೇಯತೆಯೂ ಅಲ್ಲ. ತಾರ್ನಾಕದ ನನ್ನ ಬಾಡಿಗೆ ಕೋಣೆಯಲ್ಲಿ ಮಾತಾಡಲು ಯಾರೂ ಇರಲಿಲ್ಲ, ಅಷ್ಟೆ. ಆಫೀಸಿನಲ್ಲಿ ಇಂಗ್ಲಿಷ್, ಆಟೋದವನೊಡನೆ ಮುರುಕು ಹಿಂದಿ, ಮನೆ ಓನರಮ್ಮನೊಡನೆ ಕೈಬಾಯಿ ಸನ್ನೆಯ ತೆಲುಗು. ಕನ್ನಡ ಬಾಯಿಗೆ ಬರುತ್ತಿದ್ದುದು ಕಾಲ್ಬೆರಳು ಮಂಚಕ್ಕೆ ಬಡಿದಾಗ ಮಾತ್ರ.

ಹಲವು ಭಾನುವಾರ ಹೀಗೆ ಚರ್ಚಿಲ್ಲದೆ ಕಳೆದ ಮೇಲೆ ಮನಸ್ಸು ಚುಚ್ಚತೊಡಗಿತು. ಈ ವಾರ ಕರ್ತನ ಮಾತೇ ಕೇಳುವುದು ಎಂದು ನಿಶ್ಚಯಿಸಿ, ಕನ್ನಡಿಯ ಮುಂದೆ ನಿಂತು ಗಂಭೀರವಾದ ಒಂದು ಭಾಷಣ ತಯಾರಿಸಿದೆ. ಈ ಭಾನುವಾರ ನಾನು ಬರುವುದಿಲ್ಲ, ನನಗೆ ನಿಮಗಿಂತ ದೊಡ್ಡ ಯಜಮಾನನೊಬ್ಬನಿದ್ದಾನೆ, ಕೆಲಸ ಹೋದರೂ ಚಿಂತೆಯಿಲ್ಲ, ಇತ್ಯಾದಿ. ಮ್ಯಾನೇಜರ್ ಮೊದಲ ವಾಕ್ಯ ಕೇಳಿ, ಕಂಪ್ಯೂಟರಿನಿಂದ ಕಣ್ಣೆತ್ತದೆ, “ಓಕೆ, ನೋ ಪ್ರಾಬ್ಲಮ್” ಎಂದರು. ಸಿಂಹದ ಗುಹೆಗೆ ಹಾರಲು ಸಿದ್ಧನಾಗಿ ಬಂದವನೆದುರು ಸಿಂಹ ಆಕಳಿಸಿ ಮಗ್ಗುಲು ಬದಲಿಸಿದರೆ ಹೇಗಾಗಬೇಡ!

ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಚರ್ಚಿಗೆ ಹೋದರೆ ಅಂಗಳದಲ್ಲಿ ಒಂದು ಜೊತೆ ಚಪ್ಪಲಿ ಬಿಟ್ಟರೆ ಏನೂ ಇಲ್ಲ. ಸಭೆಯವರೆಲ್ಲ ಬಸ್ಸು ಮಾಡಿಕೊಂಡು ಪಿಕ್ನಿಕ್ಕಿಗೆ ಹೋಗಿದ್ದಾರೆ, ಪ್ರಾರ್ಥನೆಯೂ ಅಲ್ಲಿಯೇ ಎಂದು ವಾಚ್‌ಮನ್ ಹೇಳಿದ. ವಾರಗಟ್ಟಲೆ ಬಾರದವನಿಗೆ ಪ್ರಕಟಣೆ ತಿಳಿಯುವುದಾದರೂ ಹೇಗೆ? ಬಂದದ್ದಕ್ಕೆ ಒಳಗೆ ಹೋಗಿ ಕುಳಿತೆ. ಹೆಂಗಸರ ಕಡೆ ವಯಸ್ಸಾದ ಒಬ್ಬಾಕೆ ಚಾಪೆಯ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದರು. ಅವರ ಗೊಣಗಾಟ ಖಾಲಿ ಚರ್ಚಿನಲ್ಲಿ ನನಗೆ ಸ್ಪಷ್ಟವಾಗಿ ಕೇಳಿಸಿತು.

“ಇವತ್ತ ಬ್ಯಾಡ ಒಡೆಯಾ, ನನ್ನ ಕೈಲೆ ಆಗೂದಿಲ್ಲ.”

ಕನ್ನಡ! ನಾನು ಚರ್ಚು ಎಂಬುದನ್ನೂ ಮರೆತು, “ಅಮ್ಮಾ, ನೀವು ಕನ್ನಡದವರಾ?” ಎಂದು ಕೂಗಿಯೇ ಬಿಟ್ಟೆ.

ಅವರು ಬೆಚ್ಚಿ ಕಣ್ಣು ಬಿಟ್ಟರು. “ಹೌದಪ್ಪ, ಬೀದರದಾಕಿ, ಮಾರ್ತಮ್ಮ. ನಿಂದು ಯಾವೂರು?”

“ಉಡುಪಿ.”

“ಅದಕ್ಕ ಪುಸ್ತಕ ಓದಿದಂಗ ಮಾತಾಡ್ತಿ.”

ಪಿಕ್ನಿಕ್ಕಿಗೇಕೆ ಹೋಗಲಿಲ್ಲ ಎಂದರೆ, “ಬಸ್ಸಿನ್ಯಾಗ ನನಗ ವಾಂತಿ ಬರ್ತೈತಿ” ಎಂದರು. ದೇವರೊಡನೆ ವಾದ ಯಾವುದರ ಬಗ್ಗೆ ಎಂದು ಕೇಳಿದೆ. ಊರಿನ ಇನ್ನೊಂದು ತುದಿಯ ಮೆಹದಿಪಟ್ಟಣಂನಲ್ಲಿ ಅವರ ತಂಗಿ ಮರಿಯಮ್ಮ ಇದ್ದಾರೆ; ತಂಗಿಯ ಮಗಳ ಮದುವೆಯ ದಿನದಿಂದ ಇಬ್ಬರಿಗೂ ಮಾತಿಲ್ಲ. ಬೈಬಲಿನ ಅಕ್ಕತಂಗಿಯರ ಹೆಸರಿಟ್ಟ ತಂದೆತಾಯಿಗೆ, ಆ ಅಕ್ಕನಿಗೂ ಮನೆಗೆಲಸಕ್ಕೆ ಕೈ ಹಚ್ಚದ ತಂಗಿಯ ಮೇಲೆ ದೂರಿತ್ತೆಂಬುದು ನೆನಪಿರಲಿಲ್ಲವೇನೋ.

“ಸ್ವಂತ ಅಕ್ಕನ್ನ ಹಿಂದಿನ ಸಾಲಿನ್ಯಾಗ ಕುಂದರಿಸಿದ್ಳು. ಬಿರಿಯಾನಿ ಸುದ್ದಾ ಮುಟ್ಟಲಾರದ ಎದ್ದು ಬಂದೆ. ಈಗ ಆಕಿಗೆ ಹಾರ್ಟ್ ಆಪರೇಶನ್ ಐತಂತ. ಹೋಗಿ ಮಾತಾಡು ಅಂತ ಕರ್ತಾ ಹೇಳಾಕತ್ತಾನ, ನಾ ಒಂದೊಂದು ನೆಪಾ ಹೇಳಾಕತ್ತೀನಿ.” ಸೆರಗಿನಿಂದ ಮೂಗು ಒರೆಸಿಕೊಂಡರು. “ಆಕಿ ಸತ್ತಗಿತ್ತಳಂದ್ರ ನಾ ಯಾರ ಜೋಡಿ ಜಗಳಾಡ್ಲಿ? ತಮ್ಮಾ, ನೀ ಬರ್ತಿ ಏನು ಜೊತೀಗೆ?”

ಕರ್ತ ಹೇಳಿದ್ದನ್ನು ಮಾಡಲೆಂದೇ ಹೊರಟ ದಿನ. ಆದರೆ ನಾನು ನಿರೀಕ್ಷಿಸಿದ್ದು ಸಭೆಯೆದುರು ಸಾಕ್ಷಿ ಹೇಳುವಂಥ, ನಾಲ್ಕು ಜನ ಮೆಚ್ಚುವಂಥ ಆಜ್ಞೆ. ಸಿಕ್ಕಿದ್ದು ಸಿಟಿ ಬಸ್ಸು. ದಾರಿಯುದ್ದಕ್ಕೂ ಮಾರ್ತಮ್ಮ ಮೂಗಿಗೆ ನಿಂಬೆಹಣ್ಣು ಹಿಡಿದು ಕುಳಿತಿದ್ದರು. ಸ್ಟಾಪು ಬಂದಾಗೆಲ್ಲ “ಇಲ್ಲೇ ಇಳಿಯೂಣು, ವಾಪಸ್ ಹೋಗೂಣು” ಎಂದು ಎದ್ದು ನಿಲ್ಲುವರು. ನಾನು ಕೈ ಹಿಡಿದು ಕೂರಿಸುವೆ. ಕಂಡಕ್ಟರ್ ನನ್ನನ್ನು ಯಾವುದೋ ಮುದುಕಿಯನ್ನು ಅಪಹರಿಸುತ್ತಿರುವವನಂತೆ ನೋಡಿದ.

ಬಾಗಿಲು ತೆರೆದವರು ಮರಿಯಮ್ಮನೇ. ಸೊರಗಿದ ಮುಖ, ಕೈಯಲ್ಲಿ ನೆಲ ಒರೆಸುವ ಬಟ್ಟೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು.

“ಚಪ್ಪಲ್ ಹೊರಗ ಬಿಡು,” ಎಂದರು ತಂಗಿ. “ಈಗಷ್ಟ ಒರಸೀನಿ.”

“ಹಾರ್ಟ್ ಖರಾಬ್ ಮಾಡ್ಕೊಂಡು ನೆಲಾ ಯಾಕ ಒರಸ್ತಿಯೇ, ಹುಚ್ಚಿ!” ಎಂದು ಅಕ್ಕ ಬೈದರು. ಬೈಯುತ್ತಲೇ ಹೊಸ್ತಿಲ ಮೇಲೆ ಕುಸಿದು ಕುಳಿತು ಅತ್ತರು. ತಂಗಿ ಆ ಬಟ್ಟೆಯನ್ನು ಅಲ್ಲಿಯೇ ಬಿಟ್ಟು ಅಕ್ಕನ ಪಕ್ಕ ಕುಳಿತರು. ಬಹಳ ಹೊತ್ತಿನ ಮೇಲೆ ನಾನು ಅವರ ಕಣ್ಣಿಗೆ ಬಿದ್ದೆ.

“ಇಂವ ಯಾರವ್ವ?”

“ಚರ್ಚಿನ್ಯಾಗ ಸಿಕ್ಕ. ಹೆಸರು ಕೇಳೂದ ಮರ್ತೆ ನೋಡು.”

ನಾನು ಹೆಸರು ಹೇಳಿದೆ. ಆಗಲೇ ಇಬ್ಬರೂ ಅಡುಗೆಮನೆ ಸೇರಿ, ಮದುವೆಯಲ್ಲಿ ಯಾರು ಯಾವ ಸಾಲಿನಲ್ಲಿ ಕುಳಿತಿದ್ದರೆಂದು ಹೊಸದಾಗಿ ಜಗಳ ತೆಗೆದಿದ್ದರು. ನನಗೆ ರೊಟ್ಟಿ, ಪುಂಡಿಪಲ್ಯ ಬಂತು. ಪರದೆಯಾಚೆಯಿಂದ ಬರುತ್ತಿದ್ದ ಆ ಕನ್ನಡವನ್ನು ಕೇಳುತ್ತ, ಮರ್ಯಾದೆ ಮೀರದಷ್ಟು ಹೊತ್ತು ನಿಧಾನವಾಗಿ ತಿಂದೆ. ಸಂಜೆ ಒಬ್ಬನೇ ಬಸ್ಸು ಹತ್ತಿದೆ.

ಮುಂದಿನ ಭಾನುವಾರ ಚರ್ಚು ತುಂಬಿತ್ತು, ಹೆಂಗಸರ ಕಡೆ ಮಾರ್ತಮ್ಮ ಇರಲಿಲ್ಲ. ಪಾಸ್ಟರ್ ತೆಲುಗಿನಲ್ಲಿ ಕೃತಜ್ಞತೆ ಸಲ್ಲಿಸಿದರು, ಪಕ್ಕದವರು ನನಗೆ ಹಿಂದಿಯಲ್ಲಿ ವಿವರಿಸಿದರು: ತಂಗಿಯ ಆಪರೇಶನ್ ಚೆನ್ನಾಗಿ ಆಯಿತು, ಮಾರ್ತಮ್ಮ ಇನ್ನು ತಂಗಿಯ ಜೊತೆಗೇ ಇರುತ್ತಾರೆ, ಅಲ್ಲಿಯ ಚರ್ಚಿಗೇ ಹೋಗುತ್ತಾರೆ. ನಾನೂ ಎಲ್ಲರ ಜೊತೆ ಆಮೆನ್ ಎಂದೆ.

ಮಧ್ಯಾಹ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಇಡೀ ಊರಿನಲ್ಲಿ ನನಗೆ ಸಿಕ್ಕಿದ್ದ ಒಂದೇ ಒಂದು ಕನ್ನಡದ ಜೀವವನ್ನು ನನ್ನ ಕೈಯಿಂದಲೇ ಬಸ್ಸು ಹತ್ತಿಸಿ ಸಾಗಹಾಕಿಸಿದೆಯಲ್ಲ ಕರ್ತನೇ, ಇದೇನು ನ್ಯಾಯ ಎಂದು ಶುರುಮಾಡಿದೆ. ಹೇಳಿದ್ದನ್ನು ಮಾಡುವುದು ದಾಸನ ಕೆಲಸ, ಮಾಡಿದೆ. ಮಾಡಿದ ಮೇಲೆ ಗೊಣಗಬಾರದೆಂದು ಪಾಸ್ಟರ್ ಹೇಳಿರಲಿಲ್ಲ. ಹೇಳಿದ್ದರೂ ತೆಲುಗಿನಲ್ಲಿ ಹೇಳಿರಬೇಕು. ಮ್ಯಾನೇಜರು, ಓನರಮ್ಮ, ಮೆಸ್ಸಿನ ಸಾರು, ಒಂದನ್ನೂ ಬಿಡದೆ ಗಟ್ಟಿಯಾಗಿ, ಉಡುಪಿ ಕನ್ನಡದಲ್ಲಿ ಹೇಳಿಕೊಂಡೆ. ಕರ್ತ ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ. ಕೊನೆಯವರೆಗೂ ಕೇಳಿದ ಎಂದುಕೊಂಡಿದ್ದೇನೆ. ಎದ್ದು ಹೋದ ಸದ್ದಂತೂ ಆಗಲಿಲ್ಲ.