ರೋಮಿನ ಕೈಯಿಲ್ಲದಾಕಿ

ಆ ದಿನ ಸಾವಂತ್ರವ್ವ ತಿಗಣೆಗೆ ಹೆದರದೆ ಇದ್ದಿದ್ದರೆ ಅವಳ ಮಗ ರೇವಪ್ಪನಿಗೆ ಇಷ್ಟೆಲ್ಲ ಫಜೀತಿ ಆಗುತ್ತಿರಲಿಲ್ಲ. ಲಗ್ನದ ಮಾತು ಗಟ್ಟಿ ಮಾಡಲು ಬಬಲೇಶ್ವರದ ಬೀಗರು ಮಧ್ಯಾಹ್ನ ಟಿಕೋಟಕ್ಕೆ ಬರುವವರಿದ್ದರು. ಮಗ ದಂಡಿನಿಂದ ಹೊತ್ತು ತಂದ ಟ್ರಂಕಿನಲ್ಲಿ ಪರದೇಶದ ತಿಗಣೆಗಳಿದ್ದು, ಅವು ಬೀಗರ ಧೋತರ ಸೇರಿದರೆ ಗತಿಯೇನೆಂದು ಆಕೆ ಅದನ್ನು ಅಂಗಳಕ್ಕೆ ಎಳೆದು ತಂದು ಬಿಸಿಲಿಗೆ ಬೋರಲು ಹಾಕಿದಳು. ಉಣ್ಣೆಯ ಕಾಲುಚೀಲ ಬಿದ್ದವು, ತಗಡಿನ ತಾಟು ಬಿತ್ತು. ಕಾಲುಚೀಲದೊಳಗಿಂದ ಜಾರಿದ ಚಿತ್ರದ ಕಾರ್ಡೊಂದು ಗಾಳಿಗೆ ಹಾರಿ, ಹೋಗಬಾರದ ಕಡೆಗೇ ಹೋಗಿ, ನೆರೆಮನೆಯ ಗುರುಬಾಯಿಯ ಮುಂದೆ ಬಿತ್ತು.

ಗುರುಬಾಯಿ ಜೋಳ ಹಸನು ಮಾಡುತ್ತಿದ್ದಳು. ಚಿತ್ರ ನೋಡಿದವಳೇ ಮೊರ ಕೆಳಗಿಟ್ಟಳು.

"ಸಾವಂತ್ರಿ, ನಿನ್ನ ಮಗ ಅಲ್ಲೇ ಲಗ್ನ ಆಗಿ ಬಂದಾನಲ್ಲ ಬೇ!"

"ಹುಚ್ಚ ಗಿಚ್ಚ ಹಿಡದೈತೇನು ನಿನಗ?"

"ನೋಡಿಲ್ಲೆ. ಬೆಳ್ಳನ್ನ ಹೆಣ್ಣು, ಮೈಮ್ಯಾಲ ಅರಿವಿ ಇಲ್ಲ. ಹೇಣ್ತಿ ಆಗಿರದಾಕಿ ಹಿಂಗ್ಯಾಕ ಪೋಟೋ ತಗಸಿ ಕೊಡತಾಳ?" ಗುರುಬಾಯಿ ದನಿ ಇಳಿಸಿದಳು. "ಪಾಪ, ಅಕಿಗೆ ಎರಡೂ ಕೈ ಇಲ್ಲ ಬೇ."

ಸಾವಂತ್ರವ್ವ ಕಣ್ಣು ಕಿರಿದು ಮಾಡಿ ನೋಡಿದಳು.

"ಹಂಗಾರ ರೊಟ್ಟಿ ಯಾರು ಬಡೀತಿದ್ರು?"

ರೇವಪ್ಪ ದೊಡ್ಡ ಯುದ್ಧದಲ್ಲಿ ಬಂದೂಕು ಹಿಡಿದವನಲ್ಲ, ಸೌಟು ಹಿಡಿದವನು. ಪಲ್ಟನ್ನಿನ ಅಡುಗೆಯವನಾಗಿ ಕಡಲು ದಾಟಿ, ಕೊನೆಯ ವರ್ಷವೆಲ್ಲ ರೋಮ್ ಶಹರದಲ್ಲಿ ಬಿಡಾರ ಮಾಡಿದ್ದ. ರಜೆ ಸಿಕ್ಕರೆ ಉಳಿದವರು ಸೆರೆಯಂಗಡಿ ಹುಡುಕುವರು, ಇವನು ಚಿತ್ರ, ಮೂರ್ತಿ ಹುಡುಕುವನು. ಚಾವಣಿಯಲ್ಲಿ ಬರೆದ ದೇವದೂತರನ್ನು ನೋಡಲು ನೆಲದ ಮೇಲೆ ಅಂಗಾತ ಮಲಗಿ ಕಾವಲುಗಾರನಿಂದ ಬೈಸಿಕೊಂಡಿದ್ದ. ದೊಡ್ಡ ಗುಮ್ಮಟದ ಇಗರ್ಜಿಯೊಂದರಲ್ಲಿ ನಿಂತು, ವಿಜಾಪುರದ ಕಡೆಯವನು ಗುಮ್ಮಟ ಕಂಡರೆ ಏನು ಮಾಡುವನೋ ಅದನ್ನೇ ಮಾಡಿದ್ದ. ಜೋರಾಗಿ ಒಂದು ಚಪ್ಪಾಳೆ ಹೊಡೆದು, ಎಷ್ಟು ಸಲ ಮರುದನಿ ಬರುತ್ತದೆಂದು ಕಿವಿಗೊಟ್ಟಿದ್ದ. ಬಂದದ್ದು ಮರುದನಿಯಲ್ಲ, ಪ್ರಾರ್ಥನೆ ಅರ್ಧಕ್ಕೆ ಬಿಟ್ಟು ಎದ್ದ ಪಾದ್ರಿ. ಆದರೆ ವಸ್ತುಸಂಗ್ರಹಾಲಯವೊಂದರಲ್ಲಿ ಕೈ ಮುರಿದ ಆ ಕಲ್ಲಿನ ಹೆಣ್ಣಿನ ಮುಂದೆ ಮಾತ್ರ ಅವನು ಸದ್ದಿಲ್ಲದೆ ನಿಂತಿದ್ದ, ಇನ್ನೇನು ಕಲ್ಲು ಉಸಿರಾಡೀತು ಎಂಬಂತೆ. ಬರುವಾಗ ಬಾಗಿಲಲ್ಲಿ ಮಾರುತ್ತಿದ್ದ ಅವಳ ಚಿತ್ರವೊಂದನ್ನು ಕೊಂಡಿದ್ದ.

ಊರಿಗೆ ಬಂದು ಇದನ್ನೆಲ್ಲ ಹೇಳಹೋದರೆ ಜನ "ಅಲ್ಲಿ ಜ್ವಾಳ ಬೆಳೀತಾರೇನು?" ಎಂದಷ್ಟೇ ಕೇಳಿದರು. ಮನಸ್ಸಿಟ್ಟು ಪೂರ್ತಿ ಕೇಳಿದವಳು ಬಬಲೇಶ್ವರದ ನೀಲವ್ವ ಒಬ್ಬಳೇ. ಹೆಣ್ಣು ನೋಡಲು ಹೋದಾಗ ಚಪ್ಪಾಳೆಯ ಸಂಗತಿಗೆ ಸೆರಗು ಬಾಯಿಗೊತ್ತಿಕೊಂಡು ನಕ್ಕು, "ಆಮ್ಯಾಲ?" ಎಂದಿದ್ದಳು. ಆಗಿನಿಂದ ರೇವಪ್ಪನಿಗೆ ಊಟ ರುಚಿಸಿರಲಿಲ್ಲ. ಲಗ್ನವೆಂದರೆ ಅವಳೊಡನೆಯೇ, ಇಲ್ಲದಿದ್ದರೆ ಇಲ್ಲ.

ಪುರಾಣ ಹೇಳುವವರು ಒಂದು ಸಾಲು ಪದ್ಯಕ್ಕೆ ಹೊತ್ತು ಮುಳುಗುವ ತನಕ ಅರ್ಥ ಬಿಡಿಸುತ್ತಾರಲ್ಲ, ಆ ಕಾರ್ಡಿಗೆ ಟಿಕೋಟದ ಜನ ಹಾಗೆ ಅರ್ಥ ಬಿಡಿಸಿದರು. ಬಾವಿಯ ಕಡೆ ಆಕೆಯ ಕೈ ಬಾಂಬಿಗೆ ಹೋಗಿದ್ದವು. ಹಿಟ್ಟಿನ ಗಿರಣಿಗೆ ಬರುವಷ್ಟರಲ್ಲಿ ಆಕೆ ರೇವಪ್ಪನ ಜೀವ ಉಳಿಸಲು ಹೋಗಿ ಕೈ ಕಳೆದುಕೊಂಡಿದ್ದಳು. ಹಡಪದ ಖಂಡಪ್ಪನ ಕಟ್ಟೆ ಮುಟ್ಟಿದಾಗ ಕಂಕುಳಲ್ಲಿ ಒಂದು ಕೂಸೂ ಇತ್ತು. ಕೈಯಿಲ್ಲದವಳು ಕೂಸನ್ನು ಹೇಗೆ ಎತ್ತಿಕೊಂಡಳೆಂದು ಯಾರೂ ಕೇಳಲಿಲ್ಲ.

ಕಟ್ಟೆಯ ಮೇಲೆ ರೇವಪ್ಪನ ಒಂದು ಗಲ್ಲದ ಕ್ಷೌರ ಮುಗಿದಿತ್ತು. ಖಂಡಪ್ಪ ಕತ್ತಿ ಮಡಚಿದ.

"ಇನ್ನೊಂದು ಗಲ್ಲ ಯಾಕ ಬಿಟ್ಟಿ ಮಾರಾಯಾ?"

"ಕೈ ಇಲ್ಲದ ಹೇಣ್ತಿನ್ನ ಪರದೇಶದಾಗ ಬಿಟ್ಟು ಬಂದವನ ಗಲ್ಲಕ್ಕ ನನ್ನ ಕತ್ತಿ ಏಳೂದಿಲ್ಲ. ಏಳೋ ಮ್ಯಾಲ!"

ವಿಷಯ ತಿಳಿದ ರೇವಪ್ಪ ಒಂದು ಗಲ್ಲ ಕೊಯ್ದ ಹೊಲ, ಇನ್ನೊಂದು ಗಲ್ಲ ಬೀಳು ಹೊಲದಂತೆ ಮಾಡಿಕೊಂಡು ಮನೆಗೆ ಓಡಿದ. ಬಾಗಿಲಲ್ಲಿ ಬೀಗರ ಗಾಡಿ ನಿಂತಿತ್ತು. ಸುದ್ದಿ ಊರಬಾಗಿಲ ಅಗಸಿಯಲ್ಲೇ ಅವರನ್ನು ಎದುರುಗೊಂಡಿತ್ತು. ನೀಲವ್ವನ ಅಪ್ಪ ಅಮೋಘೆಪ್ಪ ಇಳಿದಿರಲಿಲ್ಲ, ಎತ್ತು ಬಿಚ್ಚಿರಲಿಲ್ಲ. ಪಕ್ಕದಲ್ಲಿ ಅವನ ತಾಯಿ ಕಾಳವ್ವ ಎಲೆಯಡಿಕೆ ಮೆಲ್ಲುತ್ತ ಕುಳಿತಿದ್ದಳು.

"ಯಪ್ಪಾ, ಒಂದ ಮಾತು ಹೇಳು. ಅಕಿ ಜೀವಂತ ಅದಾಳೋ ಇಲ್ಲೋ?" ಎಂದ ಅಮೋಘೆಪ್ಪ.

"ಅಕಿಗೆ ಜೀವಾನ ಇಲ್ರಿ ಮಾವಾರ!"

"ಸತ್ತಳೇನು?"

"ಹುಟ್ಟೇ ಇಲ್ರಿ!"

"ಹುಟ್ಟದಾಕಿ ಪೋಟೋ ಹೆಂಗ ಬಂತಪ್ಪಾ?" ಎಂದು ಗುರುಬಾಯಿ ಗೋಡೆಯಾಚೆಯಿಂದ ಕಾರ್ಡು ಎತ್ತಿ ತೋರಿಸುತ್ತ ಕೇಳಿದಳು.

"ಕಲ್ರಿ, ಕಲ್ಲು! ಕಾಲ ಕೆಳಗ ಪೀಠ ನೋಡ್ರಿ. ಹಳೇ ಮೂರ್ತಿ, ಕೈ ಮುರದು ಬಿದ್ದಾವು. ಅಲ್ಲಿ ಒಂದು ದೊಡ್ಡ ಮನಿ ಕಟ್ಟಿಸಿ, ಇಂಥಾವೆಲ್ಲ ಒಳಗ ಇಟ್ಟಾರ. ಮಂದಿ ಬರ್ತಾರ, ಟೊಪ್ಪಿಗಿ ತಗದು ನಿಂತು ನೋಡ್ತಾರ, ಹೋಗ್ತಾರ."

"ಬರೇ ನೋಡಾಕ?"

"ಹೌದ್ರಿ, ಬರೇ ನೋಡಾಕ."

ಕಾಳವ್ವ ಮೆಲ್ಲುವುದನ್ನು ನಿಲ್ಲಿಸಿದಳು. "ಕೈ ಮುಗಿಯದ, ಬರೇ ನೋಡಾಕ ಯಾರರ ಮೂರ್ತಿ ಮಾಡಸ್ತಾರೇನು? ಖರೆ ಹೇಳು. ಯಾರಕಿ?"

"ಅವರ ಹಳೇ ದೇವಿ ಅಂತರಿ," ಎಂದ ರೇವಪ್ಪ.

ಸಾವಂತ್ರವ್ವ ಎರಡೂ ಗಲ್ಲ ಬಡಿದುಕೊಂಡಳು. "ದೇವಿನ್ನ ಕಾಲಚೀಲದಾಗ ತಂದ್ಯೇನೋ ಭಾಡ್ಯಾ!"

ಆಮೇಲಿನದು ಕಣ್ಣುಮುಚ್ಚಿ ತೆರೆಯುವುದರಲ್ಲಿ ಆಯಿತು. ಗುರುಬಾಯಿ ಗೋಡೆ ಹಾರುವುದೊಂದೇ ಬಾಕಿ, ಅರಿಷಿಣ ಕುಂಕುಮ ಹಿಡಿದು ಬಂದಳು. ಮಣೆಯ ಮೇಲೆ ಕಾರ್ಡು ನಿಂತಿತು. ರೋಮಿನವರು ಬಿಚ್ಚಿಟ್ಟಿದ್ದನ್ನೆಲ್ಲ ಹಸಿರು ಕುಬಸದ ಖಣದ ತುಂಡೊಂದು ಮುಚ್ಚಿತು. ಅರ್ಧ ಗಳಿಗೆಯ ಹಿಂದೆ ಸವತಿಯಾಗಿದ್ದವಳಿಗೆ ಆರತಿ ಎತ್ತಿದರು. ಅಮೋಘೆಪ್ಪ ಇಳಿದು ಎತ್ತು ಬಿಚ್ಚಿದ. ರೇವಪ್ಪನಿಗೆ ಹೋದ ಉಸಿರು ಬಂತು.

"ದೇವಿ ಮನ್ಯಾಗ ಬಂದು ಕುಂತ ಮ್ಯಾಲ," ಎಂದಳು ಕಾಳವ್ವ, "ಅಕಿನ್ನ ಕೇಳದ ಲಗ್ನ ಗಟ್ಟಿ ಮಾಡೂದು ಹೆಂಗ? ಹೂ ಕೇಳೂಣು."

ದೇವರ ಮೂರ್ತಿಯ ಎಡಕ್ಕೊಂದು, ಬಲಕ್ಕೊಂದು ಹೂವಿನ ಎಸಳು ಒದ್ದೆ ಮಾಡಿ ಅಂಟಿಸುವುದು, ಹಿರಿಯರು ಮನಸ್ಸಿನಲ್ಲಿ ಪ್ರಶ್ನೆ ಕೇಳುವುದು. ಬಲದ್ದು ಮೊದಲು ಉದುರಿದರೆ ದೇವರು ಹೌದೆಂದಂತೆ, ಎಡದ್ದು ಉದುರಿದರೆ ಬೇಡವೆಂದಂತೆ. ರೇವಪ್ಪ ಕಾರ್ಡನ್ನೇ ನೋಡಿದ. ನೀಲವ್ವನನ್ನು ಒಂದು ಎಸಳಿನ ಮೇಲೆ ಬಿಡುವುದೇ?

"ನಾನ ಹಚ್ಚತೇನ್ರಿ ಆಯಿ," ಎಂದು ಮುಂದೆ ಬಂದ. ಅಡುಗೆಯವನಿಗೆ ಯಾವುದು ಎಷ್ಟು ಅಂಟುತ್ತದೆಂದು ಹೇಳಿಕೊಡಬೇಕೆ? ಎಡದ ಎಸಳನ್ನು ಬೀಗರಿಗೆಂದು ಇಟ್ಟಿದ್ದ ಬೆಲ್ಲದ ನೀರಿನಲ್ಲಿ ಅದ್ದಿ ಹೆಬ್ಬೆರಳಿನಿಂದ ಒತ್ತಿದ. ಬಲದ್ದನ್ನು ಸುಮ್ಮನೆ ಆನಿಸಿದ. ಕಾಳವ್ವ ಕಣ್ಣು ಮುಚ್ಚಿ ತುಟಿ ಅಲುಗಿಸಿದಳು. ಎಲ್ಲರ ದೃಷ್ಟಿ ಅವಳ ಮೇಲಿರುವಾಗ ರೇವಪ್ಪ ಮೆಲ್ಲಗೆ ಕೆಮ್ಮಿದ. ಬಲದ ಎಸಳು ಉದುರಿತು.

"ಬಲ! ಬಲ ಕೊಟ್ಟಳು!" ಎಂದು ಅಂಗಳ ಕೂಗಿತು. ಅಮೋಘೆಪ್ಪ ರೇವಪ್ಪನ ಬಾಯಿಗೆ ಸಕ್ಕರೆ ಸುರಿದ. ಕಾಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕರುಳಿನಾಕಿ ನೋಡ್ರಿ ನಮ್ಮವ್ವ. ನಾ ಕೇಳಿದೆ, ಯವ್ವಾ, ನೀನೂ ಹೆಣ್ಣ, ತವರ ಬಿಟ್ಟು ಇಷ್ಟು ದೂರ ಬಂದೀದಿ. ಈ ಹುಡುಗ ಮೊದಲ ನಿನ್ನ ತವರಿಗೆ ಮುಟ್ಟಿಸಿ ಬರಲಿ, ಆಮ್ಯಾಲ ನಮ್ಮ ಹುಡುಗೀನ ಕೊಡತೇವಿ, ಆಗತೈತೇನು ಅಂತ. ನಾ ಕೇಳಿ ಮುಗಿಸೂದ್ರಾಗ ಹೌದಂದಳು. ತವರಿಗೆ ಹೋಗಾಕ ಎಷ್ಟು ಆತರ ಆಗಿತ್ತೋ ಜೀವಕ್ಕ!"

ರೇವಪ್ಪನ ಬಾಯಿಯ ಸಕ್ಕರೆ ಹಾಗೇ ನಿಂತಿತು. "ರೋಮಿಗೇನ್ರಿ ಆಯಿ? ವಿಜಾಪುರಕ್ಕ ಹೋಗಿ ಬಂದಂಗಲ್ರಿ. ಹಡಗ ಹತ್ತಬೇಕು, ಕಡಲ ದಾಟಬೇಕು..."

"ದಾಟು. ಹಾದಿ ನಿನಗ ಗೊತ್ತೈತಿ," ಎಂದ ಅಮೋಘೆಪ್ಪ, ಎತ್ತು ಮತ್ತೆ ಹೂಡುತ್ತ. "ನಾವೇನು ಓಡಿ ಹೋಗೂದಿಲ್ಲ. ನೀ ಬರೂತನಕ ನೀಲವ್ವ ಕಾಯತಾಳ."

ಗುರುಬಾಯಿ ಅಷ್ಟರಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿ ಅವನ ಕೈಗೆ ತುರುಕಿದಳು.

"ಮತ್ತ ಹಡಗಿನ್ಯಾಗ ಅಕಿನ್ನ ಕಿಡಕಿ ಬಾಜೂಕ ಕುಂದ್ರಸಬ್ಯಾಡೋ ಯಪ್ಪಾ," ಎಂದಳು. "ಕೈ ಇಲ್ಲ ಪಾಪ, ಹಿಡಕೊಳ್ಳಾಕ ಬರೂದಿಲ್ಲ."