ನಾನು ಹೊಗೆಯನ್ನು ಗೆದ್ದದ್ದು

ನಾನು ಕಲಬುರಗಿಯವನು ಎಂದ ಕೂಡಲೇ ಪರವೂರಿನವರೆಲ್ಲ ನಮ್ಮ ಬಿಸಿಲಿನ ಬಗ್ಗೆ ಮರುಗುತ್ತಾರೆ. ಬಿಸಿಲಿನದೇನು, ಅದು ನಮಗೆ ಮನೆಯವರಿದ್ದ ಹಾಗೆ, ಬೈದುಕೊಂಡೇ ಜೊತೆಗಿರುತ್ತೇವೆ. ನನ್ನ ಸಂಸಾರಕ್ಕೆ ಕುತ್ತು ತರುವುದು ಚಳಿಗಾಲ. ದೀಪಾವಳಿ ಮುಗಿದು ಗಾಳಿ ನಿಂತಿತೆಂದರೆ ಸೇಡಂ ರಸ್ತೆಯ ಧೂಳು, ಓಣಿ ಓಣಿಯ ಹೊಗೆ ಎರಡೂ ಮೇಲೆ ಹೋಗಲು ಮನಸ್ಸಾಗದೆ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯಲ್ಲೇ ಬಿಡಾರ ಹೂಡುತ್ತವೆ. ನನ್ನ ಹೆಂಡತಿ ಸುವರ್ಣಾ ಕೆಮ್ಮತೊಡಗುತ್ತಾಳೆ. ಮಲಗಲಾರದೆ ದಿಂಬಿಗೆ ಒರಗಿ ಕೂತು ಕೂತು, ಕೊನೆಗೆ ಕಮಲಾಪುರದ ತವರಿಗೆ ಹೊರಟುಬಿಡುತ್ತಾಳೆ. ಸಂಕ್ರಾಂತಿಯವರೆಗೆ ಅವಳು ಅಲ್ಲಿ ಒಳ್ಳೆಯ ಗಾಳಿ ಕುಡಿದು ಕೆಂಪು ಬಾಳೆಹಣ್ಣು ತಿನ್ನುತ್ತಾಳೆ. ನಾನು ಇಲ್ಲಿ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತೇನೆ. ಮನೆ ಎಷ್ಟು ಬಿಕೋ ಎನ್ನುತ್ತದೆಂದರೆ, ಅವಳ ಕೆಮ್ಮಾದರೂ ಕೇಳಿಸಬಾರದೇ ಅನ್ನಿಸಿ ನನ್ನ ಮೇಲೆ ನನಗೇ ನಾಚಿಕೆಯಾಗುತ್ತದೆ.

ಈ ಸಲ ಅವಳನ್ನು ಹೋಗಗೊಡುವುದಿಲ್ಲ ಎಂದು ಪಣ ತೊಟ್ಟೆ. ಮೊದಲು ಕಿಟಕಿಗಳಿಗೆಲ್ಲ ಒದ್ದೆ ಚಾದರ ಕಟ್ಟಿದೆ. ಸಂಜೆಗೆ ಅವು ಕಪ್ಪಾದುದನ್ನು ನಾನು ಹೆಮ್ಮೆಯಿಂದ ತೋರಿಸಿದರೆ, "ಇವನ್ನ ಒಗಿಯೋರು ಯಾರ್ರೀ?" ಎಂದಳು. ಆ ಉಪಾಯ ಅಲ್ಲಿಗೇ ಬಿತ್ತು. ಇನ್ನು ಮೂಲಕ್ಕೇ ಕೈ ಹಾಕಬೇಕು. ಮೂಲವಾದರೋ ನಮ್ಮ ಗೇಟಿನ ಎದುರಿಗೇ ಇತ್ತು. ಬೆಳಗಾದರೆ ಓಣಿಯ ಗಂಡಸರು ಬೇವಿನ ಎಲೆ, ತೊಗರಿ ಕಟ್ಟಿಗೆ, ಹರಿದ ಚಪ್ಪಲಿ, ಏನು ಸಿಕ್ಕರೆ ಅದನ್ನು ಗುಡ್ಡೆಹಾಕಿ ಬೆಂಕಿ ಹಚ್ಚಿ ಮೈ ಕಾಯಿಸುತ್ತಾರೆ. ಒಂದು ದಿನ, ಅವರು ಹಚ್ಚುವ ಮೊದಲೇ ತಡೆಯಬೇಕೆಂದಿದ್ದವನು ತಡವಾಗಿ ಎದ್ದ ಸಿಟ್ಟಿನಲ್ಲಿ ಒಂದು ಬಕೆಟ್ ನೀರು ತಂದು ಸುರಿದೆ. ಉರಿಯುವ ಬೆಂಕಿಗಿಂತ ಆರಿದ ಬೆಂಕಿಗೇ ಹೊಗೆ ಜಾಸ್ತಿ ಎಂಬುದು ಇಷ್ಟು ವಯಸ್ಸಾದರೂ ನನಗೆ ಹೊಳೆದಿರಲಿಲ್ಲ. ಹೊಗೆಯೆಲ್ಲ ನೆಟ್ಟಗೆ ನಮ್ಮ ಪಡಸಾಲೆಗೆ ನುಗ್ಗಿತು. ಸುವರ್ಣಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಬ್ಯಾಗು ತುಂಬತೊಡಗಿದಳು. "ಐತವಾರತನಕ ನೋಡ್ತೀನಿ. ಆಮ್ಯಾಲ ಕಮಲಾಪುರದ ಬಸ್ಸು ಹತ್ತಾಕಿನೇ."

ಪಕ್ಕದ ಮನೆಯ ಖಲೀಲ್ ಸಾಹೇಬರು ಗಡಿಯಾರ ರಿಪೇರಿಯವರು, ಆ ಬೆಂಕಿಗೆ ಅವರೇ ಯಜಮಾನರು. ಅವರ ಮುಂದೆ ಕೈಮುಗಿದು ನಿಂತೆ.

"ಪಾಟೀಲ್ ಸಾಬ್, ಕಸ ಕಚರಾ ಒಯ್ಯಲಾಕ ಗಾಡಿ ಬರ್ತದ. ಥಂಡೀನೂ ಅಂಥಾದ್ದೇನಿಲ್ಲ," ಎಂದರು. "ಆದರ ಸುಮ್ನ ನಾಕು ಮಂದಿ ಓಣ್ಯಾಗ ನಿಂತ್ರ, ಕೆಲಸ ಇಲ್ಲೇನು ಅಂತಾರ ಮನ್ಯಾಗ. ಬೆಂಕಿ ಇದ್ರ ಯಾರೂ ಕೇಳಂಗಿಲ್ಲ ನೋಡ್ರಿ."

ಎಂಥ ಮಾತು. ಇವರಿಗೆ ಬೇಕಾದದ್ದು ಶಾಖವಲ್ಲ, ನಿಲ್ಲುವುದಕ್ಕೊಂದು ನೆಪ. ನಮ್ಮ ಮನೆಯ ಕಟ್ಟೆಯ ಮೇಲೆ ಓಣಿಯಲ್ಲೇ ಮೊದಲ ಬಿಸಿಲು ಬೀಳುತ್ತದೆ. "ನಾಳಿಂದ ನಮ್ಮ ಕಟ್ಟಿ ಮ್ಯಾಲ ಬರ್ರಿ, ಚಹಾ ಕುಡಿಯೂಣು," ಎಂದು ಓಣಿಗೆಲ್ಲ ಸಾರಿದೆ. ಮೊದಲ ದಿನ ಬೆಂಕಿಯೂ ಇತ್ತು, ಚಹಾವೂ ಇತ್ತು. ಆದರೆ ಕಟ್ಟೆ ಬಿಟ್ಟು ಎದ್ದರೆ ಕೂತ ಜಾಗ ಹೋಗುತ್ತದೆ. ಹೀಗಾಗಿ ಬೆಂಕಿಗೆ ಕಟ್ಟಿಗೆ ಹಾಕಲು ಯಾರೂ ಏಳಲಿಲ್ಲ. ಐತವಾರದ ಹೊತ್ತಿಗೆ ಆ ಬೂದಿಯ ಮೇಲೆ ನಾಯಿ ಮಲಗಿತ್ತು. ಸುವರ್ಣಾ ಹೊರಗೆ ಬಂದು ಎದೆ ತುಂಬ ಉಸಿರೆಳೆದುಕೊಂಡಳು. ಕೆಮ್ಮಲಿಲ್ಲ. ಒಳಗೆ ಹೋಗಿ ಬ್ಯಾಗಿನಿಂದ ಸೀರೆಗಳನ್ನು ತೆಗೆದು ಕಪಾಟಿನಲ್ಲಿಟ್ಟಳು. ನನಗಾದ ಸಂತೋಷ ಇಷ್ಟಿಷ್ಟಲ್ಲ. ಸೇಡಂ ರಸ್ತೆಯ ಧೂಳು ಇದ್ದೇ ಇದೆ, ಆದರೆ ಊರಿನದೆಲ್ಲ ನಾನೊಬ್ಬನೇ ಎಷ್ಟೆಂದು ನೋಡಿಕೊಳ್ಳಲಿ?

ಸುದ್ದಿ ಕೇಳಿ ನಂಬದ ನಮ್ಮ ಅತ್ತೆ, ಕೆಂಪು ಬಾಳೆಯ ಚಿಪ್ಪು ಹೊತ್ತು ಕಮಲಾಪುರದಿಂದಲೇ ಬಂದರು. ಗಾಳಿ ಮೂಸಿ ನೋಡಿ, ಕಟ್ಟೆಯ ಮೇಲೆ ಮಗಳ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು, ಇನ್ನೂ ಎದ್ದಿಲ್ಲ. ಒಂದು ಮಾತು ಹೇಳುವುದು ಮರೆತೆ. "ಮಂದೀನ ಕರದೋರು ನೀವು, ಚಹಾನೂ ನೀವೇ ಮಾಡ್ರಿ," ಎಂದು ಸುವರ್ಣಾ ಮೊದಲ ದಿನವೇ ತೀರ್ಪು ಕೊಟ್ಟಿದ್ದಾಳೆ. ಹೀಗಾಗಿ ಗೆದ್ದವನು ಅಡುಗೆಮನೆಯಲ್ಲಿರುತ್ತಾನೆ. ಇವತ್ತು ಬೆಳಿಗ್ಗೆ ಕಟ್ಟೆಯ ಮೇಲೆ ಅತ್ತೆ ಏನೋ ಹೇಳಿದರು, ಎಲ್ಲರೂ ಬಿದ್ದು ಬಿದ್ದು ನಕ್ಕರು. ನನ್ನ ಬಗ್ಗೆಯೇ ಇರಬೇಕೆಂದು ಕಿಟಕಿಗೆ ಕಿವಿ ಕೊಟ್ಟು ನಿಂತೆ. ಹಿಂದೆ ಒಲೆಯ ಮೇಲಿನ ಹಾಲು ಉಕ್ಕಿ ಹೊತ್ತಿಹೋಯಿತು. ಹೊರಗಿನಿಂದ ಸುವರ್ಣಾಳ ದನಿ ಬಂತು:

"ಏನ್ರೀ, ಎಲ್ಲಿಂದೋ ಹೊಗಿ ಬರ್ಲಾಕತ್ತದ. ಯಾರ ಮನೀದು ನೋಡ್ರಿ."