ಮೂರು ನಿಮಿಷದ ಹಾಡು, ಮೂರು ಶನಿವಾರದ ಅರ್ಥ

ರಿಕಾರ್ಡು ಅಂಗಡಿಗೆ ಹೋಗಿ, ಬೇಕಾದದ್ದನ್ನು ಕೊಂಡು, ಐದೇ ನಿಮಿಷದಲ್ಲಿ ಹೊರಗೆ ಬರುವವರನ್ನು ಕಂಡರೆ ನನಗೆ ಅಯ್ಯೋ ಪಾಪ ಅನ್ನಿಸುತ್ತದೆ. ಮದುವೆಮನೆಗೆ ಹೋಗಿ ಯಾರನ್ನೂ ಮಾತನಾಡಿಸದೆ ಉಂಡು ಬಂದ ಹಾಗೆ ಅದು. ಅಂಗಡಿಯ ಬೆಂಚಿನ ಮೇಲೆ ಕೂರಬೇಕು. ಅದೊಂದು ಹಾಕಿ, ಇದೊಂದು ಹಾಕಿ ಎನ್ನಬೇಕು. ಗ್ರಾಮಫೋನಿನ ಕೀ ತಿರುಗಿಸಿ ತಿರುಗಿಸಿ ಅಂಗಡಿಯವರ ಕೈ ಸೋಲಬೇಕು. ಕಡೆಗೆ ಏನನ್ನೂ ಕೊಳ್ಳದೆ ಬಂದು ಕೇಳಿದ್ದನ್ನೆಲ್ಲ ನಾಲ್ಕು ಜನಕ್ಕೆ ಹೇಳಿಕೊಂಡರೆ ಹೋದದ್ದು ಸಾರ್ಥಕ. ಇದು ನನ್ನ ಸಿದ್ಧಾಂತ. ನನ್ನ ಹೆಂಡತಿ ಗಿರಿಜೆಯ ಸಿದ್ಧಾಂತ ಬೇರೆ.

ನಮ್ಮ ಮನೆಗೆ ಗ್ರಾಮಫೋನು ಬಂದದ್ದು ಅವಳ ಅಣ್ಣನಿಂದ. ಮುಂಬಯಿಯ ಹೋಟೆಲೊಂದರಲ್ಲಿದ್ದ ಆ ಪುಣ್ಯಾತ್ಮ ಊರಿಗೆ ಬರುವಾಗ ತಂಗಿಗೆಂದು ಪೆಟ್ಟಿಗೆ ತಂದ, ಸೂಜಿಯ ಡಬ್ಬಿ ತಂದ, ರಿಕಾರ್ಡು ತರಲು ಮರೆತ. ಹಾಡದ ಪೆಟ್ಟಿಗೆಗೆ ಗಿರಿಜೆ ಕಸೂತಿಯ ಬಟ್ಟೆ ಹೊದೆಸಿ ದಿನಾ ಧೂಳು ಒರೆಸುತ್ತಿದ್ದಳು. ಅವಳಿಗೆ ಬೇಕಾದದ್ದು ಒಂದೇ ಒಂದು ರಿಕಾರ್ಡು. ಹೆಂಗಸೊಬ್ಬಳು ದೇವರನ್ನು ತನ್ನ ಮನೆಗೆ ಬಾ ಎಂದು ಕರೆಯುವ ಹಾಡು. ಬಂಟ್ವಾಳದ ಯಾವುದೋ ಮದುವೆಯಲ್ಲಿ ಒಮ್ಮೆ ಕೇಳಿದ್ದಳು, ಅಂದಿನಿಂದ ಅದೇ ಗುನುಗು. ಮೂಡಬಿದ್ರೆಯ ಕಾಮತರ ಅಂಗಡಿಯಲ್ಲಿ ಅದು ಉಂಟೆಂದು ಸುದ್ದಿ ಬಂತು. ನಾನು ಬೆಳ್ತಂಗಡಿಯಲ್ಲಿ ಶಾಲೆಯ ಮಾಷ್ಟ್ರು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟದ್ದೇ ವೇಣೂರಿನ ದಾರಿಯಾಗಿ ಹೋಗುವ ಬಸ್ಸು ಹತ್ತಿದೆ.

ಕಾಮತರದ್ದು ಕೊಡೆ, ಗಡಿಯಾರ, ಟಾರ್ಚುಗಳ ನಡುವೆ ರಿಕಾರ್ಡನ್ನೂ ಮಾರುವ ಅಂಗಡಿ. ಬೆಂಚಿನ ಮೇಲೆ ಶೆಟ್ಟರೊಬ್ಬರು ಕೂತಿದ್ದರು. ನಮ್ಮ ಕಡೆಯ ತಾಳಮದ್ದಳೆ ನೋಡಿದವರಿಗೆ ಗೊತ್ತು, ಭಾಗವತರು ಒಂದು ಪದ ಹಾಡಿ ನಿಲ್ಲಿಸಿದರೆ ಎದುರು ಕೂತ ಅರ್ಥಧಾರಿ ಆ ಪಾತ್ರವೇ ತಾನಾಗಿ ಅದರ ಅರ್ಥವನ್ನು ಮಾತಿನಲ್ಲಿ ಬೆಳೆಸಬೇಕು. ಶೆಟ್ಟರು ಅಂಥ ಅರ್ಥಧಾರಿ. ಮೂವತ್ತು ವರ್ಷದ ಅಭ್ಯಾಸ. ಹಾಡು ನಿಂತಿತೆಂದರೆ ಅವರಿಗೆ ಸುಮ್ಮನಿರಲು ಬರುವುದಿಲ್ಲ, ಹಾಡಿದ್ದು ಭಾಗವತರೋ ಪೆಟ್ಟಿಗೆಯೋ ಎಂಬ ಭೇದವೂ ಇಲ್ಲ.

ಕಾಮತರು ರಿಕಾರ್ಡು ಹಾಕಿದರು. ಹಾಡು ಮುಗಿಯಿತು. ಅಷ್ಟು ಹೊತ್ತು ತುಳುವಿನಲ್ಲಿ ಅಡಿಕೆಯ ವಿಚಾರ ಮಾತಾಡುತ್ತಿದ್ದ ಶೆಟ್ಟರು ಶಾಲು ಸರಿಮಾಡಿಕೊಂಡು ಒಮ್ಮೆಲೇ ಗ್ರಂಥದ ಕನ್ನಡಕ್ಕೆ ಏರಿದರು. "ಎಲೌ ತರುಣಿ, ಕರೆದೆ, ಸಂತೋಷ. ಆದರೆ ಇಲ್ಲದ ಕಡೆಗಲ್ಲವೇ ಬರುವುದು? ಎಲ್ಲೆಲ್ಲಿಯೂ ಇರುವ ನಾವು ಎಲ್ಲಿಂದ ಎದ್ದು ಎಲ್ಲಿಗೆ ಬರೋಣ?" ಎಂದು ದೇವರಾಗಿ ಕೇಳಿ, ಉತ್ತರಕ್ಕಾಗಿ ನನ್ನ ಮುಖ ನೋಡಿದರು. ಅಂಗಡಿಯಲ್ಲಿ ಬೇರೆ ತರುಣಿ ಇರಲಿಲ್ಲ. ಅಷ್ಟು ದೊಡ್ಡ ಮನುಷ್ಯರು ಕೇಳುವಾಗ ಬಾಯಿ ಮುಚ್ಚಿ ಕೂರುವುದು ಮರ್ಯಾದೆಯೇ? ದಪ್ಪ ಮೀಸೆಯ ನಾನು ಆ ಹೆಂಗಸಾದೆ. "ಸ್ವಾಮೀ, ಎಲ್ಲೆಲ್ಲಿಯೂ ಇರುವವನಿಗೆ ನನ್ನ ಜಗಲಿಯೊಂದು ಹೆಚ್ಚಾಯಿತೇ?" ಅಂದೆ. ಶೆಟ್ಟರು ತೊಡೆ ತಟ್ಟಿದರು. ಆಮೇಲೆ ಲೋಕದ ಪರಿವೆಯೇ ಇಲ್ಲ. ಬಸ್ಸಿನ ಹಾರನ್ನು ಕೇಳಿ ಎದ್ದು ಓಡಿದವನಿಗೆ ರಿಕಾರ್ಡಿನ ನೆನಪಾದದ್ದು ವೇಣೂರು ದಾಟಿದ ಮೇಲೆ.

ಎರಡನೆಯ ಶನಿವಾರ ಮೊದಲು ರಿಕಾರ್ಡು ಕಟ್ಟಿಸಿಕೊಂಡೇ ಕೂರುವುದೆಂದು ನಿಶ್ಚಯಿಸಿದ್ದೆ. "ಮಾಷ್ಟ್ರೇ, ಮೊನ್ನೆಯದ್ದು ಬಾಕಿ ಉಂಟಲ್ಲ ಮಾರಾಯ್ರೆ" ಅಂದರು ಶೆಟ್ಟರು. ನಿಶ್ಚಯ ಅಲ್ಲಿಗೆ ಮುಗಿಯಿತು. ಮೂರನೆಯ ಶನಿವಾರಕ್ಕಂತೂ ನಾನು ಮಕ್ಕಳ ಪುಸ್ತಕ ತಿದ್ದುತ್ತಲೇ ವಾರವಿಡೀ ಉತ್ತರ ಹೊಸೆದಿದ್ದೆ.

ಮನೆಗೆ ಬಂದು ಅಂಗಡಿಯ ಕಥೆಯನ್ನೆಲ್ಲ ಗಿರಿಜೆಗೆ ಹೇಳುತ್ತಿದ್ದೆ. ಶೆಟ್ಟರ ಮಾತನ್ನು ಹೇಳುವುದು, ನನ್ನದನ್ನು ನುಂಗಿಕೊಳ್ಳುವುದು. "ಅವರು ಬಿಡಬೇಕಲ್ಲ! ನಾನು ಬಾಯಿ ಬಿಟ್ಟದ್ದೇ ಇಲ್ಲ" ಎನ್ನುತ್ತಿದ್ದೆ. ಮೊದಲ ಸಲ ಅವಳು ಹೊಟ್ಟೆ ಹಿಡಿದು ನಕ್ಕಳು. ಎರಡನೆಯ ಸಲ ಮುಗುಳ್ನಕ್ಕಳು. ಮೂರನೆಯ ಸಲ ನಗಲಿಲ್ಲ. "ಪೆಟ್ಟಿಗೆಯನ್ನು ಅಣ್ಣನಿಗೆ ವಾಪಸು ಕಳಿಸುವ. ಈ ಮನೆಯಲ್ಲಿ ಹಾಡಲಿಕ್ಕೆ ಅದಕ್ಕೆ ಯೋಗ ಇಲ್ಲ" ಅಂದಳು. ಅವಳ ಕಣ್ಣು ಒದ್ದೆಯಾಗಿತ್ತು. ನಿಜ ಹೇಳುತ್ತೇನೆ, ಆ ಹೊತ್ತು ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. "ಬರುವ ಶನಿವಾರ ತಂದೇ ತರುತ್ತೇನೆ" ಎಂದೆ. "ಬೇಡ, ನಾನೂ ಬರ್ತೇನೆ" ಎಂದಳು.

ನಮ್ಮನ್ನು ಕಂಡದ್ದೇ ಶೆಟ್ಟರು ಬೆಂಚಿನಿಂದ ಎದ್ದರು. "ಬನ್ನಿ ಅಮ್ಮ, ಬನ್ನಿ. ನಿಮ್ಮ ಯಜಮಾನರದ್ದು ಎಂತ ಮಾತು ಮಾರಾಯ್ರೆ! ಮೂರು ಶನಿವಾರ ನನ್ನನ್ನು ಏಳಲಿಕ್ಕೆ ಬಿಡಲಿಲ್ಲ. ಆ ಹೆಂಗಸಿನ ಪಾತ್ರವನ್ನು ಇಷ್ಟು ಚಂದ ಹೇಳುವವರು ಈ ಸೀಮೆಯಲ್ಲಿಲ್ಲ. ಮೊನ್ನೆ ಅತ್ತೇ ಬಿಟ್ಟರು!"

ಗಿರಿಜೆ ನನ್ನನ್ನು ನೋಡಿದಳು, ಅದಕ್ಕಿಂತ ಹೆಚ್ಚು ನನ್ನ ಮೀಸೆಯನ್ನು ನೋಡಿದಳು. ನಾನು ಗೋಡೆಯ ಗಡಿಯಾರಗಳಲ್ಲಿ ಹೊತ್ತೆಷ್ಟಾಯಿತೆಂದು ನೋಡತೊಡಗಿದೆ. ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿತ್ತು. ಕಾಮತರು ರಿಕಾರ್ಡನ್ನು ಯಂತ್ರದ ಮೇಲಿಡಲು ಹೋದರೆ ಗಿರಿಜೆ ತಡೆದಳು. "ಹಾಕುವುದು ಬೇಡ. ಕಟ್ಟಿ ಕೊಡಿ." ಐದೇ ನಿಮಿಷದಲ್ಲಿ ನಾವು ಹೊರಗೆ. ಬಾಯಿ ತೆರೆಯಲು ಸಿದ್ಧರಾಗಿದ್ದ ಶೆಟ್ಟರ ಮುಖ ಸಪ್ಪೆಯಾಯಿತು. ನನ್ನದೂ ಆಗಿದ್ದಿರಬೇಕು.

ಸಂಜೆ ದೀಪ ಹಚ್ಚಿ ಗಿರಿಜೆ ತಾನೇ ಕೀ ಕೊಟ್ಟಳು. ಕಣ್ಣು ಮುಚ್ಚಿ ಕೇಳಿದಳು. ಆ ಹಾಡು ಅಷ್ಟು ಚಂದವೆಂದು ನನಗೆ ಗೊತ್ತಾದದ್ದೇ ಅಂದು, ಅಂಗಡಿಯಲ್ಲಿ ನಾನು ಅದು ಮುಗಿಯುವುದನ್ನೇ ಕಾಯುತ್ತಿದ್ದೆ. ಹಾಡು ನಿಂತಿತು. ಗಿರಿಜೆ ಸೂಜಿ ಎತ್ತಿಟ್ಟು ನನ್ನ ಎದುರು ಬಂದು ಕೂತಳು. "ಹ್ಞಾಂ, ಹೇಳಿ ನೋಡುವ. ಆ ಹೆಂಗಸು ಹೇಗೆ ಕರೀತಾಳೆ?"

ನನಗೆ ಎಲ್ಲಿಲ್ಲದ ಹುರುಪು. ಬಾಗಿಲು ತೆರೆದಿದೆ ಸ್ವಾಮೀ, ದೀಪ ಹಚ್ಚಿದೆ, ಮಣೆ ಹಾಕಿದೆ, ಇನ್ನೇಕೆ ತಡ ಎಂದು ಗಂಟಲು ಗದ್ಗದ ಮಾಡಿ ಕರೆದೆ. ಗಿರಿಜೆ ದೇವರ ಹಾಗೆಯೇ ಶಾಂತವಾಗಿ ಕೇಳಿಸಿಕೊಂಡಳು.

"ಬರುವ. ಬರಲಿಕ್ಕೆ ತೊಂದರೆ ಏನೂ ಇಲ್ಲ. ಆದರೆ ಆ ಮನೆಯಲ್ಲಿ ನನಗೆ ಬಾಯಿ ತೆರೆಯಲಿಕ್ಕೆ ಬಿಡ್ತೀರಾ?"

ಶೆಟ್ಟರಂಥ ಶೆಟ್ಟರನ್ನು ಮೂರು ಶನಿವಾರ ಕಟ್ಟಿಹಾಕಿದ ನಾನು ಎದ್ದು ಹೋಗಿ ರಿಕಾರ್ಡಿನ ಇನ್ನೊಂದು ಮಗ್ಗುಲು ಹಾಕಿದೆ.